ಮನೆಯಂಗಳದಲ್ಲಿ ನಾಟಿ ಟೊಮೆಟೊ: ಬಿತ್ತನೆಯಿಂದ ಮರುಬಿತ್ತನೆಯವರೆಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ತಾರಸಿಯಲ್ಲೋ ಹಿತ್ತಲಲ್ಲೋ ಏನಾದರೊಂದು ಬೆಳೆಯುತ್ತಿರುವವರೇ. ಹಾಗಾಗಿ ಪೀಠಿಕೆ ಬಿಟ್ಟು ನೇರ ಲೆಕ್ಕಕ್ಕೆ ಬರೋಣ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ತಳಿಗೆ ಹೆಕ್ಟೇರಿಗೆ 35ರಿಂದ 40 ಟನ್ ಇಳುವರಿ ಎಂದು ಹೇಳುತ್ತಾರೆ. ಸಾಲಿನಿಂದ ಸಾಲಿಗೆ 75 ಸೆಂ.ಮೀ., ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಬಿಟ್ಟರೆ ಹೆಕ್ಟೇರಿಗೆ ಸುಮಾರು 22 ಸಾವಿರ ಗಿಡ ಹಿಡಿಯುತ್ತವೆ. ಭಾಗಿಸಿ ನೋಡಿ. ಗಿಡವೊಂದಕ್ಕೆ ಒಂದೂವರೆಯಿಂದ ಒಂದೂಮುಕ್ಕಾಲು ಕೆ.ಜಿ. ಬರುತ್ತದೆ. ಹೊಲದಲ್ಲಿ ಒಳ್ಳೆಯ ಬೆಳೆ ಎಂದರೆ ಇಷ್ಟೇ. ಮನೆಯಲ್ಲಿ ಕೋಲು ಕೊಟ್ಟು, ಚಿಗುರು ಚಿವುಟಿ, ದಿನಾ ಕಣ್ಣಿಟ್ಟರೆ ಗಿಡಕ್ಕೆ ಎರಡೂವರೆ, ಮೂರು ಕೆ.ಜಿ. ಕೊಯ್ಯಬಹುದು. ಆರು ಗಿಡವಿದ್ದರೆ ಎರಡು ತಿಂಗಳ ಅವಧಿಯಲ್ಲಿ ಹದಿನೈದು ಕೆ.ಜಿ. ಹಣ್ಣು. ನಾಲ್ಕು ಜನರ ಮನೆಯ ಸಾರು, ಗೊಜ್ಜು, ಚಟ್ನಿಗೆ ಅದು ಧಾರಾಳ. ಒಂದೇ ಗಿಡದಲ್ಲಿ ಹತ್ತು ಕೆ.ಜಿ. ಎಂಬ ವಿಡಿಯೊಗಳನ್ನು ನೋಡಿ ಬಂದಿದ್ದರೆ ಆ ಅಂಕಿಯನ್ನು ಇಲ್ಲೇ ಬಿಟ್ಟುಬಿಡಿ. ಅವು ಬಹುತೇಕ ಹೈಬ್ರಿಡ್ ಗಿಡಗಳು, ಬೇರೆ ಥರದ ಗೊಬ್ಬರದ ಲೆಕ್ಕ.

ಇನ್ನು ತಳಿಯ ವಿಷಯ. ಬೆಂಗಳೂರು, ಮೈಸೂರಿನ ತರಕಾರಿ ಮಾರುಕಟ್ಟೆಯಲ್ಲಿ ಎರಡು ರಾಶಿ ಕಾಣುತ್ತೀರಿ. ಒಂದು ಮೊಟ್ಟೆಯಾಕಾರದ, ದಪ್ಪ ಸಿಪ್ಪೆಯ, ಎಸೆದರೂ ಒಡೆಯದ ಹಣ್ಣು. ಇನ್ನೊಂದು ಚಪ್ಪಟೆಯದು, ತೊಟ್ಟಿನ ಸುತ್ತ ಏಣುಗಳಿರುವುದು, ಒತ್ತಿದರೆ ರಸ ಒಸರುವ ಹುಳಿ ಹಣ್ಣು. ಈ ಎರಡನೆಯದನ್ನು ನಾಟಿ ಎಂದು ಮಾರುತ್ತಾರೆ. ಆದರೆ ಹುಳಿ ಹಣ್ಣಿಗಿರುವ ಬೇಡಿಕೆ ನೋಡಿ ಬೀಜ ಕಂಪನಿಗಳು ಅದೇ ಆಕಾರ, ಅದೇ ರುಚಿಯ ಹೈಬ್ರಿಡ್‌ಗಳನ್ನೂ ತಂದಿವೆ. ಅಂಗಡಿಯ ಹಣ್ಣು ಹಿಂಡಿ ಬೀಜ ಹಾಕಿದರೆ ಗಿಡವೇನೋ ಬರುತ್ತದೆ, ಕಾಯಿಯೂ ಬಿಡುತ್ತದೆ. ಹೈಬ್ರಿಡ್ ಹಣ್ಣಿನ ಬೀಜವಾಗಿದ್ದರೆ ಮಾತ್ರ ಹತ್ತು ಗಿಡ ಹತ್ತು ದಾರಿ ಹಿಡಿಯುತ್ತವೆ. ಒಂದು ಎತ್ತರ, ಒಂದು ಕುಳ್ಳು, ಒಂದರ ಕಾಯಿ ಗುಂಡು, ಇನ್ನೊಂದರದು ಉದ್ದ. ತಾಯಿಯಲ್ಲಿದ್ದ ರೋಗ ತಡೆಯುವ ಗುಣ ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ಇಲ್ಲ. ಹೀಗೆ ಚೆದುರಿದ ಸಂತತಿಯನ್ನು ಐದಾರು ಪೀಳಿಗೆ ಆರಿಸುತ್ತಾ ಹೋದರೆ ನಿಮ್ಮದೇ ತಳಿ ನಿಲ್ಲಿಸಬಹುದು, ಅದು ಸಾಧ್ಯವಿಲ್ಲದ ಕೆಲಸವೇನಲ್ಲ. ಆದರೆ ಮೊದಲ ವರ್ಷವೇ ಅದಕ್ಕೆ ಕೈ ಹಾಕಬೇಡಿ.

ಮೊದಲ ವರ್ಷಕ್ಕೆ ಬೇಕಾದದ್ದು ಮುಕ್ತ ಪರಾಗಸ್ಪರ್ಶದ, ಸ್ಥಿರವಾದ ತಳಿ. ಬೀಜ ಹಾಕಿದರೆ ತಾಯಿಯಂತೆಯೇ ಬರಬೇಕು. ಅಕ್ಕಪಕ್ಕದಲ್ಲಿ ಯಾರಾದರೂ ವರ್ಷಗಟ್ಟಲೆ ಬೀಜ ಇಟ್ಟುಕೊಂಡು ಬೆಳೆಯುತ್ತಿದ್ದರೆ ಅವರಲ್ಲಿ ಕೇಳಿ, ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಸಾರ್ವಜನಿಕ ಸಂಸ್ಥೆಗಳ ತಳಿಗಳಿವೆ. ದೆಹಲಿಯ ಪೂಸಾ ಸಂಸ್ಥೆಯ ಪೂಸಾ ರೂಬಿ ಬಳ್ಳಿಯಂತೆ ಬೆಳೆಯುತ್ತಾ ಹೋಗುವ ಗಿಡ, ಬೇಗ ಕಾಯಿ ಬಿಡುತ್ತದೆ, ಹಣ್ಣು ಚಪ್ಪಟೆ, ಮೆತ್ತಗೆ, ಹುಳಿ. ಸಾರಿಗೆ ಹೇಳಿ ಮಾಡಿಸಿದ್ದು. ಅರ್ಕಾ ವಿಕಾಸ್ ಅಮೆರಿಕದ ಟಿಪ್ ಟಾಪ್ ಎಂಬ ತಳಿಯಿಂದ ಆರಿಸಿದ್ದು. ಹಣ್ಣು 80ರಿಂದ 90 ಗ್ರಾಂ ತೂಗುತ್ತದೆ, ಭುಜದ ಭಾಗ ತಿಳಿ ಹಸಿರು. ಒಂದೆರಡು ದಿನ ನೀರು ತಪ್ಪಿದರೂ ತಡೆದುಕೊಳ್ಳುವುದರಿಂದ ಕೆಲಸಕ್ಕೆ ಹೋಗುವವರ ತಾರಸಿಗೆ ಇದೇ ವಾಸಿ. ಎಲೆ ಮುಟುರು ರೋಗದ ಕಾಟ ಜಾಸ್ತಿ ಇರುವ ಕಡೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ್ ತಳಿಗಳನ್ನು ವಿಚಾರಿಸಿ. ಮೂರೂ ಆ ರೋಗ ತಡೆದುಕೊಳ್ಳುವ, ಬೀಜ ಇಟ್ಟುಕೊಳ್ಳಬಹುದಾದ ತಳಿಗಳು. ಕರಾವಳಿ, ಮಲೆನಾಡಿನವರ ಶತ್ರು ದುಂಡಾಣು ಸೊರಗು ರೋಗ. ಅಲ್ಲಿಗೆ ಅರ್ಕಾ ಆಭಾ, ಅರ್ಕಾ ಆಲೋಕ್, ಇಲ್ಲವೇ ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ. ಅರ್ಕಾ ರಕ್ಷಕ್ ಬಗ್ಗೆ ಪ್ರತಿ ಸಲ ಪ್ರಶ್ನೆ ಬರುತ್ತದೆ. ಮೂರು ರೋಗ ತಡೆಯುವ ಗಟ್ಟಿ ತಳಿ ಅದು, ಅನುಮಾನವಿಲ್ಲ. ಆದರೆ ಅದು ಹೈಬ್ರಿಡ್, ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. ಇವತ್ತಿನ ಮಾತು ಬೀಜ ಇಟ್ಟುಕೊಳ್ಳುವವರಿಗೆ.

ಆನ್‌ಲೈನಿನಲ್ಲಿ ಬ್ರಾಂಡಿವೈನ್, ಚೆರೋಕಿ ಪರ್ಪಲ್ ಎಂದು ಅಮೆರಿಕದ ಹಳೆಯ ತಳಿಗಳ ಬೀಜ ಮಾರುತ್ತಾರೆ. ರುಚಿಗೆ ಸಾಟಿಯಿಲ್ಲ. ಆದರೆ ಕಾಯಿ ಹಣ್ಣಾಗಲು ತಡ, ಸೆಕೆಗೆ ಹೂ ಉದುರಿಸುತ್ತವೆ, ಗಿಡಕ್ಕೆ ಸಿಗುವ ಹಣ್ಣು ಎಣಿಕೆಯಲ್ಲಿ ಕಡಿಮೆ. ಖುಷಿಗೆ ಒಂದು ಗಿಡ ಹಾಕಿ, ಅಡುಗೆಗೆ ಅದನ್ನೇ ನಂಬಬೇಡಿ.

ಇಳುವರಿಯ ಅರ್ಧ ಭಾಗ ತೀರ್ಮಾನವಾಗುವುದು ಬಿತ್ತುವ ತಿಂಗಳಲ್ಲಿ. ಟೊಮೆಟೊ ಹೂವು ಕಾಯಿಯಾಗಲು ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿ ಇದ್ದರೆ ಚೆನ್ನ. ಹಗಲು 35 ದಾಟಿ, ರಾತ್ರಿಯೂ 24–25ಕ್ಕಿಂತ ಕೆಳಗಿಳಿಯದಿದ್ದರೆ ಪರಾಗ ಜೊಳ್ಳಾಗುತ್ತದೆ, ಹೂವು ತೊಟ್ಟಿನ ಗಂಟಿನಲ್ಲೇ ಹಳದಿಯಾಗಿ ಉದುರುತ್ತದೆ. ಆಗ ಯಾವ ಟಾನಿಕ್ ಸಿಂಪಡಿಸಿದರೂ ಪ್ರಯೋಜನವಿಲ್ಲ. ಬಣ್ಣಕ್ಕೂ ಇದೇ ಮಾತು. 30 ಡಿಗ್ರಿ ಮೀರಿದರೆ ಕೆಂಪು ಬಣ್ಣ ಕೊಡುವ ಲೈಕೋಪಿನ್ ಸರಿಯಾಗಿ ಕೂಡುವುದಿಲ್ಲ, ಏಪ್ರಿಲ್ ಹಣ್ಣು ಕಿತ್ತಳೆ ಬಣ್ಣದಲ್ಲೇ ನಿಲ್ಲುವುದು ಅದಕ್ಕೇ.

ಹೀಗಾಗಿ ಬೆಂಗಳೂರು, ಮೈಸೂರು, ತುಮಕೂರು ಕಡೆಗೆ ಸೆಪ್ಟೆಂಬರ್ ಎರಡನೇ ಪಕ್ಷದಲ್ಲಿ ಬಿತ್ತಿ, ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ ನೆಡುವುದು ಸರಿಯಾದ ಲೆಕ್ಕ. ಹೂವು ನವೆಂಬರ್ ಕೊನೆ, ಡಿಸೆಂಬರ್‌ನ ತಂಪಿಗೆ ಸಿಗುತ್ತದೆ. ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಅಕ್ಟೋಬರ್ ಮಳೆ ಬೆಂಗಳೂರಿನಲ್ಲಿ ಜೋರಿರುತ್ತದೆ, ಆದ್ದರಿಂದ ಸಸಿಗಳು ಮಾಡಿನ ಕೆಳಗಿರಲಿ. ಕರಾವಳಿಯಲ್ಲಿ ಇದಕ್ಕಿಂತ ಎರಡು ಮೂರು ವಾರ ತಡವಾದರೂ ಸರಿ, ನೆಲ ಒಣಗಿದ ಮೇಲೆಯೇ ನೆಡಿ. ವಿಜಯಪುರ, ಕಲಬುರಗಿ ಕಡೆಯವರು ಆಗಸ್ಟ್ ಕೊನೆಗೇ ಬಿತ್ತಿದರೆ ಬೇಸಿಗೆ ಬರುವ ಮೊದಲು ಕೊಯ್ಲು ಮುಗಿಯುತ್ತದೆ. ಜನವರಿ, ಫೆಬ್ರವರಿ ಬಿತ್ತನೆ ರೈತರಿಗೆ ಬೆಲೆಯ ಕಾರಣಕ್ಕೆ ಸರಿ. ಮನೆಯಲ್ಲಿ ಬೆಳೆಯುವವರಿಗೆ ಅದು ಬಿಳಿ ನೊಣ, ಸೆಕೆ ಎರಡನ್ನೂ ಒಟ್ಟಿಗೆ ಎದುರಿಸುವ ಹಂಗಾಮು. ಹೊಸಬರು ಬಿಟ್ಟುಬಿಡಿ.

ಒಂದು ಗ್ರಾಂ ಟೊಮೆಟೊ ಬೀಜದಲ್ಲಿ ಸುಮಾರು 300 ಕಾಳಿರುತ್ತವೆ. ಆರು ಗಿಡ ಬೇಕಿದ್ದರೆ ಇಪ್ಪತ್ತು ಕಾಳು ಬಿತ್ತಿ. ಆರೇ ಬಿತ್ತಿ ಆರನ್ನೂ ನೆಟ್ಟರೆ ಆರಿಸುವ ಅವಕಾಶವೇ ಇರುವುದಿಲ್ಲ, ಮತ್ತೆ ಇಡೀ ಕೆಲಸದ ಸಾರವಿರುವುದೇ ಆರಿಸುವುದರಲ್ಲಿ. ಪ್ರೋಟ್ರೇ, ಅಂದರೆ ಸಸಿ ಬೆಳೆಸುವ ಗುಳಿಗಳ ತಟ್ಟೆ, ಇದ್ದರೆ ಅದು, ಇಲ್ಲದಿದ್ದರೆ ತಳಕ್ಕೆ ತೂತು ಮಾಡಿದ ಪೇಪರ್ ಲೋಟ. ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಅರ್ಧ ಸೆಂ.ಮೀ. ಆಳಕ್ಕೆ ಒಂದೊಂದೇ ಕಾಳು. ಉಷ್ಣಾಂಶ 25–28 ಇದ್ದರೆ ಆರೇಳು ದಿನಕ್ಕೆ ಮೊಳೆಯುತ್ತದೆ. ಮೊಳೆತ ಕೂಡಲೇ ಬೆಳಕು ಬೇಕು. ಅಡುಗೆಮನೆಯ ಕಿಟಕಿಯಲ್ಲೇ ಇಟ್ಟರೆ ಸಸಿ ಬೆಳಕು ಹುಡುಕುತ್ತಾ ಉದ್ದಕ್ಕೆ ಎಳೆದುಕೊಂಡು ಬಾಗುತ್ತದೆ. ಬುಡದಲ್ಲಿ ನೀರಿನಲ್ಲಿ ನೆಂದಂತಾಗಿ ಸಸಿ ಮಗುಚಿ ಬಿದ್ದರೆ ಅದು ಸಸಿ ಕೊಳೆ ರೋಗ. ಕಾರಣ ಹೆಚ್ಚು ನೀರು, ಒತ್ತೊತ್ತಾದ ಬಿತ್ತನೆ, ಗಾಳಿ ಇಲ್ಲದಿರುವುದು. ಬಿದ್ದ ಸಸಿ ಉಳಿಯುವುದಿಲ್ಲ, ಉಳಿದವಕ್ಕೆ ನೀರು ಕಡಿಮೆ ಮಾಡಿ ಗಾಳಿಗಿಡಿ.

ಈ ಹಂತದಲ್ಲಿ ಒಂದು ಕೆಲಸ ಮರೆಯಬಾರದು. ಬಿತ್ತಿದ ದಿನದಿಂದಲೇ ಟ್ರೇ ಮೇಲೆ ಸಣ್ಣ ಕಣ್ಣಿನ, ಅಂದರೆ 40ರಿಂದ 50 ಮೆಶ್‌ನ ನೈಲಾನ್ ಬಲೆ ಹೊದಿಸಿ. ಮಾಮೂಲಿ ಸೊಳ್ಳೆ ಪರದೆಯಲ್ಲಿ ಬಿಳಿ ನೊಣ ಸಲೀಸಾಗಿ ನುಗ್ಗುತ್ತದೆ. ಎಲೆ ಮುಟುರು ವೈರಸ್ ತರುವುದು ಈ ನೊಣವೇ, ಮತ್ತು ಸಸಿಯಲ್ಲೇ ವೈರಸ್ ತಗುಲಿದ ಗಿಡ ಕಾಯಿ ಕೊಡುವುದಿಲ್ಲ ಎಂದೇ ತಿಳಿಯಿರಿ. ಹೂ ಬಿಟ್ಟ ಮೇಲೆ ತಗುಲಿದರೆ ಅರ್ಧ ಬೆಳೆಯಾದರೂ ಕೈಗೆ ಬರುತ್ತದೆ. ಆ ಮೊದಲ 25–30 ದಿನಗಳ ರಕ್ಷಣೆಗೆ ಒಂದು ಮೀಟರ್ ಬಲೆ ಸಾಕು.

ನಾಲ್ಕೈದು ಎಲೆ, ಒಂದು ಗೇಣಿಗೆ ಸ್ವಲ್ಪ ಕಡಿಮೆ ಎತ್ತರ, ಪೆನ್ಸಿಲ್‌ಗಿಂತ ಕೊಂಚ ತೆಳುವಾದ ಕಾಂಡ: ನೆಡಲು ತಯಾರಾದ ಸಸಿ ಹೀಗಿರುತ್ತದೆ. ನೆಡುವ ಮುನ್ನ ಒಂದು ವಾರ ನೀರು ತುಸು ಕಡಿಮೆ ಮಾಡಿ, ದಿನೇ ದಿನೇ ಹೆಚ್ಚು ಹೊತ್ತು ಬಿಸಿಲಿಗಿಟ್ಟು ಹದಗೊಳಿಸಿ. ನರ್ಸರಿಯಲ್ಲಿ ಕೊಳ್ಳುವವರು ಆಗಲೇ ಹೂ ಬಿಟ್ಟ ಸಸಿಗೆ ಮರುಳಾಗಬೇಡಿ, ಬೇರು ಸುತ್ತಿಕೊಂಡ ವಯಸ್ಸಾದ ಸಸಿ ಅದು.

ಇನ್ನು ಕುಂಡದ ಅಳತೆ. 12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗ್‌ನಲ್ಲಿ ಸುಮಾರು 22 ಲೀಟರ್ ಹಿಡಿಯುತ್ತದೆ. ಬಳ್ಳಿಯಂತೆ ಬೆಳೆಯುವ ತಳಿಗೆ ಅದು ಕನಿಷ್ಠ. 15 ಇಂಚಿನದಾದರೆ 43 ಲೀಟರ್, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಮೂರಿಂಚಿನ ವ್ಯತ್ಯಾಸಕ್ಕೆ ಇಷ್ಟು ಲಾಭ ಇರುವಾಗ ಚಿಕ್ಕ ಚೀಲ ಯಾಕೆ? ಮಣ್ಣು ಹೆಚ್ಚಿದ್ದಷ್ಟೂ ತೇವ ಏರುಪೇರಾಗುವುದಿಲ್ಲ, ಅದರ ಬೆಲೆ ಮುಂದೆ ಗೊತ್ತಾಗುತ್ತದೆ. ನೆನೆದಾಗ ದೊಡ್ಡ ಚೀಲವೊಂದು 40 ಕೆ.ಜಿ. ಮೀರಿ ತೂಗುವುದರಿಂದ ತಾರಸಿಯ ನಡುವೆ ಗುಂಪಾಗಿ ಇಡದೆ ಗೋಡೆ, ತೊಲೆಗಳ ನೇರಕ್ಕೆ ಸಾಲಾಗಿ ಇಡಿ. ದಿನಕ್ಕೆ ಆರು ಗಂಟೆ ನೇರ ಬಿಸಿಲಿಲ್ಲದ ಜಾಗವಾದರೆ ಟೊಮೆಟೊ ಬಿಟ್ಟು ಸೊಪ್ಪು ಹಾಕಿ.

ಮಿಶ್ರಣಕ್ಕೆ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ನಾರಿನ ಪುಡಿ ಒಂದು ಪಾಲು. ಚೀಲಕ್ಕೆ 100 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಮೂಳೆ ಪುಡಿ. ನಾರಿನ ಪುಡಿಯ ಇಟ್ಟಿಗೆಯನ್ನು ನೆನೆಸಿ, ಕಂದು ನೀರು ಚೆಲ್ಲಿ, ಮತ್ತೆ ನೆನೆಸಿ ಎರಡು ಸಲ ತೊಳೆಯಬೇಕು. ಅದರಲ್ಲಿರುವ ಸೋಡಿಯಂ, ಪೊಟ್ಯಾಶಿಯಂ ಉಪ್ಪುಗಳು ಗಿಡಕ್ಕೆ ಕ್ಯಾಲ್ಸಿಯಂ ಸಿಗದಂತೆ ಅಡ್ಡ ಬರುತ್ತವೆ. ನೆಲದಲ್ಲಾದರೆ ಒಂದಡಿ ಉದ್ದ, ಅಗಲ, ಆಳದ ಗುಂಡಿಗೆ ಮೂರು ನಾಲ್ಕು ಕೆ.ಜಿ. ಕೊಟ್ಟಿಗೆ ಗೊಬ್ಬರ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಜಾಗದಲ್ಲಿ ಮೂರು ವರ್ಷ ಟೊಮೆಟೊ ಬೇಡ. ಒಂದೇ ಕುಲದವು, ರೋಗವೂ ಹಂಚಿಕೊಂಡು ತಿನ್ನುತ್ತವೆ. ಕುಂಡದ ಹಳೆಯ ಮಣ್ಣಿಗೂ ಇದೇ ನಿಯಮ. ಆ ಮಣ್ಣನ್ನು ಬೀನ್ಸ್‌ಗೋ ಸೊಪ್ಪಿಗೋ ಬಳಸಿ.

ಸಂಜೆ ಹೊತ್ತು ನೆಡಿ. ಕೆಳಗಿನ ಎರಡು ಎಲೆ ಚಿವುಟಿ, ಉಳಿದ ಎಲೆಗಳ ಬುಡದವರೆಗೆ ಕಾಂಡ ಹೂಳಿ. ಹೂತ ಕಾಂಡದಿಂದಲೂ ಬೇರು ಒಡೆಯುವುದು ಟೊಮೆಟೊಗೆ ಸ್ವಭಾವ. ಆರಡಿ ಕೋಲನ್ನು ಅವತ್ತೇ ಊರಿ, ತಿಂಗಳ ಮೇಲೆ ಊರಲು ಹೋದರೆ ಬೇರು ಕಡಿದು ಹೋಗುತ್ತದೆ. ಹಳೆಯ ಹತ್ತಿ ಸೀರೆಯ ಪಟ್ಟಿಯಿಂದ ಕಾಂಡಕ್ಕೊಂದು, ಕೋಲಿಗೊಂದು ಸುತ್ತು ಬರುವಂತೆ ಸಡಿಲವಾಗಿ ಕಟ್ಟಿ. ತೆಳು ನೈಲಾನ್ ದಾರ ಕಾಂಡವನ್ನು ಕೊಯ್ಯುತ್ತದೆ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮನೆ ತೋಟದಲ್ಲಿ ಟೊಮೆಟೊ ಕೆಡುವ ಮೊದಲ ಕಾರಣ ಕೀಟವಲ್ಲ, ಏರುಪೇರಾದ ನೀರು. ಕಾಯಿಯ ತೊಟ್ಟಿನ ಎದುರು ತುದಿ, ಅಂದರೆ ಹೂವು ಉದುರಿದ ತುದಿ, ಕಪ್ಪಗೆ ಚರ್ಮದ ಹಾಗೆ ಒಳಗೆ ಕುಸಿಯುವುದನ್ನು ನೋಡಿರುತ್ತೀರಿ. ಅದು ರೋಗಾಣುವಿನ ಕೆಲಸವಲ್ಲ. ಆ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ ಅಷ್ಟೆ. ಕ್ಯಾಲ್ಸಿಯಂ ಬೇರಿನಿಂದ ಮೇಲಕ್ಕೆ ನೀರಿನ ಜೊತೆಗೇ ಏರುತ್ತದೆ. ಎಲೆ ಹೆಚ್ಚು ನೀರನ್ನು ಆವಿ ಮಾಡುವುದರಿಂದ ಹೆಚ್ಚಿನ ಪಾಲು ಅದಕ್ಕೇ ಹೋಗುತ್ತದೆ, ಕಾಯಿಯ ತುದಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ಎರಡು ದಿನ ಮಣ್ಣು ಒಣಗಿದರೆ ಸಾಕು, ಎಳೆ ಕಾಯಿಯ ತುದಿ ಸಾಯುತ್ತದೆ. ಗುರುತು ಕಾಣಿಸುವುದು ವಾರದ ಮೇಲೆ. ಆಗ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕುತ್ತಾರೆ. ಸಿಪ್ಪೆ ಮಣ್ಣಿನಲ್ಲಿ ಕರಗಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಗಿಡವೇ ಮುಗಿದಿರುತ್ತದೆ. ನಮ್ಮ ಬಹುತೇಕ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ, ಅದನ್ನು ಹೊತ್ತು ತರುವ ನೀರು ಸಮನಾಗಿರಬೇಕು. ಕೆಟ್ಟ ಕಾಯಿಗಳನ್ನು ಕಿತ್ತು ಹಾಕಿ ನೀರು ಸರಿ ಮಾಡಿದರೆ ಮುಂದಿನ ಗೊಂಚಲು ಚೆನ್ನಾಗಿ ಬರುತ್ತದೆ.

ಹಣ್ಣು ಬಿರಿಯುವುದೂ ಇದೇ ಕಥೆ. ಮಣ್ಣು ಒಣಗಿದಾಗ ಸಿಪ್ಪೆ ಗಟ್ಟಿಯಾಗುತ್ತದೆ, ಆಮೇಲೆ ಒಮ್ಮೆಗೇ ನೀರು ಸುರಿದರೆ ತಿರುಳು ಉಬ್ಬಿ ಸಿಪ್ಪೆ ಸೀಳುತ್ತದೆ. ತೆಳು ಸಿಪ್ಪೆಯ ನಾಟಿ ತಳಿಗಳಲ್ಲಿ ಇದು ಹೆಚ್ಚು. ಮಳೆ ಬರುವಂತಿದ್ದರೆ ಬಣ್ಣ ತಿರುಗಿದ ಕಾಯಿಗಳನ್ನು ಕೊಯ್ದುಬಿಡಿ. ತುದಿಯಲ್ಲಿ ನಸುಗೆಂಪು ಕಂಡ ಕಾಯಿ ಮನೆಯೊಳಗೆ ಬುಟ್ಟಿಯಲ್ಲಿ ಪೂರ್ತಿ ಹಣ್ಣಾಗುತ್ತದೆ, ರುಚಿಯಲ್ಲಿ ಹೇಳಿಕೊಳ್ಳುವಂಥ ಕೊರತೆಯೂ ಇರುವುದಿಲ್ಲ.

ಎಷ್ಟು ನೀರು? ಬೆರಳನ್ನು ಎರಡು ಇಂಚು ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಹಾಕಿ. 22 ಲೀಟರಿನ ಚೀಲಕ್ಕೆ ಚಳಿಗಾಲದಲ್ಲಿ ಎಳೆಯ ಗಿಡವಾದರೆ ಅರ್ಧದಿಂದ ಒಂದು ಲೀಟರ್, ಕಾಯಿ ತುಂಬಿದ ಮೇಲೆ ಎರಡು ಲೀಟರ್ ದಾಟಬಹುದು. ಬೆಳಿಗ್ಗೆ, ಬುಡಕ್ಕೆ. ಎಲೆಯ ಮೇಲೆ ಪೈಪ್ ಹಿಡಿದರೆ ಅಂಗಮಾರಿ ರೋಗವನ್ನು ಕರೆದು ಕೂರಿಸಿದಂತೆ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆಯೋ ಕಬ್ಬಿನ ರವದಿಯೋ ಹರಡಿದರೆ ತೇವ ಉಳಿಯುತ್ತದೆ, ಮಣ್ಣಿನ ಹನಿ ಎಲೆಗೆ ಸಿಡಿಯುವುದೂ ನಿಲ್ಲುತ್ತದೆ.

ಗಿಡ ಮೊಣಕಾಲೆತ್ತರ ಬಂದ ಮೇಲೆ ಕಾಂಡ ಮತ್ತು ಎಲೆ ಸೇರುವ ಕಂಕುಳಲ್ಲಿ ಚಿಗುರು ಏಳುತ್ತವೆ. ಪೂಸಾ ರೂಬಿಯಂಥ ಉದ್ದಕ್ಕೆ ಬೆಳೆಯುವ ತಳಿಯಲ್ಲಿ ಮುಖ್ಯ ಕಾಂಡ ಮತ್ತು ಮೊದಲ ಗೊಂಚಲಿನ ಕೆಳಗಿನ ಒಂದು ಚಿಗುರು, ಎರಡನ್ನೇ ಬಿಟ್ಟು ಉಳಿದವನ್ನು ಬೆರಳುದ್ದ ಆಗುವ ಮೊದಲೇ ಚಿವುಟಿ. ಪೊದೆಯಂತೆ ಬೆಳೆದು ನಿಲ್ಲುವ ಗಿಡ್ಡ ತಳಿಯಾದರೆ ಚಿವುಟಲೇಬೇಡಿ, ಅದರ ಕಾಯಿ ಇರುವುದೇ ಆ ರೆಂಬೆಗಳಲ್ಲಿ. ನೆಲದಿಂದ ಒಂದಡಿವರೆಗಿನ ಎಲೆಗಳನ್ನು ಕಾಯಿ ಕಟ್ಟಿದ ಮೇಲೆ ತೆಗೆಯಿರಿ. ಅದಕ್ಕಿಂತ ಮೇಲೆ ಬೋಳಿಸಿದರೆ ಫೆಬ್ರವರಿ ಬಿಸಿಲಿಗೆ ಕಾಯಿಯ ಭುಜ ಬೆಳ್ಳಗೆ ಸುಟ್ಟು ಹೋಗುತ್ತದೆ. ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಗಿಡ ಮುಟ್ಟಬೇಡಿ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಒಣ ಎಲೆಯಲ್ಲೂ ಜೀವಂತವಾಗಿರುತ್ತದೆ, ಚಿವುಟಿದ ಗಾಯದಿಂದ ಒಳಗೆ ಹೋಗುತ್ತದೆ.

ಹೂವಿನ ಪರಾಗ ಪುಟ್ಟ ಕೊಳವೆಯೊಳಗೆ ಇರುತ್ತದೆ, ಅದುರಿದರೆ ಮಾತ್ರ ಉದುರುತ್ತದೆ. ಬಯಲಿನಲ್ಲಿ ಗಾಳಿಯೇ ಸಾಕು. ಜೇನುನೊಣಕ್ಕೆ ಆ ಅದುರಿಸುವ ವಿದ್ಯೆ ಬಾರದು, ನೀಲಿ ಪಟ್ಟೆಯ ದುಂಬಿ, ಮರ ಕೊರೆಯುವ ಕರಿದುಂಬಿಗಳಿಗೆ ಬರುತ್ತದೆ. ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ಅಂಥಲ್ಲಿ ಬೆಳಿಗ್ಗೆ ಹತ್ತರ ಮೇಲೆ, ಇಬ್ಬನಿ ಆರಿದ ಹೊತ್ತಿಗೆ, ಗೊಂಚಲಿನ ದಂಟನ್ನು ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟಿ.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಕಡಲೆಕಾಯಿ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರ್. ಹದಿನೈದು ದಿನಕ್ಕೊಮ್ಮೆ ಸಾಕು. ಸಗಣಿ, ಗಂಜಲದ ದ್ರವ ಗೊಬ್ಬರವಾದ ಜೀವಾಮೃತ ಮಾಡುವವರು ಎಕರೆಯ ಲೆಕ್ಕವನ್ನು ಹತ್ತನೇ ಒಂದಕ್ಕೆ ಇಳಿಸಿ: 20 ಲೀಟರ್ ನೀರಿಗೆ ಒಂದು ಕೆ.ಜಿ. ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಎಲೆ ಕಡು ಹಸಿರಾಗಿ, ಒಳಕ್ಕೆ ಸುರುಳಿ ಸುತ್ತಿ, ಗಿಡ ಸೊಕ್ಕಿ ಬೆಳೆದು ಹೂವೇ ಕಾಣದಿದ್ದರೆ ಸಾರಜನಕ ಹೆಚ್ಚಾಗಿದೆ. ತಿಂಗಳು ಏನೂ ಹಾಕಬೇಡಿ. ಕಾಯಿ ಗೋಲಿ ಗಾತ್ರಕ್ಕೆ ಬಂದಾಗ ಒಂದು ಹಿಡಿ ಸೌದೆ ಬೂದಿ ಪೊಟ್ಯಾಶ್‌ಗೆ ಒಳ್ಳೆಯದು, ಅದೂ ಒಮ್ಮೆ ಮಾತ್ರ. ಪದೇ ಪದೇ ಹಾಕಿದರೆ ಮಣ್ಣು ಕ್ಷಾರವಾಗುತ್ತದೆ.

ಇನ್ನು ರೋಗ, ಕೀಟ. ಎಲ್ಲವನ್ನೂ ಹೇಳಲು ಹೋದರೆ ರಾತ್ರಿಯಾಗುತ್ತದೆ, ಗುರುತು ಹಿಡಿಯುವಲ್ಲಿ ಜನ ತಪ್ಪುವ ನಾಲ್ಕೈದನ್ನು ನೋಡೋಣ.

ಗಿಡ ಹಸಿರಾಗಿದ್ದಂತೆಯೇ ಮಧ್ಯಾಹ್ನ ಜೋಲುತ್ತದೆ, ಸಂಜೆ ಚೇತರಿಸಿದಂತೆ ಕಾಣುತ್ತದೆ, ಮೂರು ನಾಲ್ಕು ದಿನಕ್ಕೆ ಪೂರ್ತಿ ಸೊರಗುತ್ತದೆ. ಇದು ದುಂಡಾಣು ಸೊರಗು. ನೀರಿನ ಕೊರತೆ ಎಂದುಕೊಂಡು ಇನ್ನಷ್ಟು ನೀರು ಸುರಿಯುತ್ತಾರೆ. ಪರೀಕ್ಷೆ ಸುಲಭ: ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ತಾಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಬಿಳಿ ದಾರದಂಥ ಎಳೆ ಇಳಿದರೆ ಖಚಿತ. ಔಷಧಿಯಿಲ್ಲ. ಗಿಡವನ್ನು ಮಣ್ಣುಸಮೇತ ತೆಗೆದುಹಾಕಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ಎಳೆ ಇಳಿಯದೆ, ಗಿಡದ ಒಂದು ಪಕ್ಕದ ಕೆಳ ಎಲೆಗಳು ಮೊದಲು ಹಳದಿಯಾಗಿ, ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಂಡರೆ ಅದು ಫ್ಯುಸೇರಿಯಂ ಶಿಲೀಂಧ್ರದ ಸೊರಗು. ಎರಡೂ ಅಲ್ಲದೆ ಗಿಡ ಸುಮ್ಮನೆ ಕುಂಟುತ್ತಿದ್ದರೆ ಬೇರು ಕಿತ್ತು ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳು. ಆ ಮಣ್ಣಿನಲ್ಲಿ ಮುಂದಿನ ಬೆಳೆಯಾಗಿ ಚೆಂಡುಹೂ ಹಾಕಿ, ಬೇವಿನ ಹಿಂಡಿ ಹೆಚ್ಚಿಸಿ.

ಕೆಳ ಎಲೆಗಳಲ್ಲಿ ಒಂದರೊಳಗೊಂದು ಉಂಗುರದಂಥ ಕಂದು ಚುಕ್ಕೆ ಮೊದಲ ಅಂಗಮಾರಿ. ನಿಧಾನವಾಗಿ ಏರುತ್ತದೆ, ಎಲೆ ಕಿತ್ತು ಹಿಡಿತದಲ್ಲಿಡಬಹುದು. ಮೋಡ, ಜಡಿಮಳೆ, ಚಳಿ ಮೂರೂ ಸೇರಿದಾಗ ಎಲೆ, ಕಾಂಡದಲ್ಲಿ ನೀರು ಹೀರಿದಂಥ ಕಪ್ಪು ಮಚ್ಚೆ ಎದ್ದು ಎರಡೇ ದಿನಕ್ಕೆ ಹರಡಿದರೆ ಅದು ಕೊನೆಯ ಅಂಗಮಾರಿ. ಅದಕ್ಕೆ ಕಾಯುತ್ತಾ ಕೂರುವಂತಿಲ್ಲ. ಮಳೆಯ ಮುನ್ಸೂಚನೆ ಕಂಡ ದಿನವೇ ಮೈಲುತುತ್ತ, ಸುಣ್ಣ ಬೆರೆಸಿದ ಶೇ. 1ರ ಬೋರ್ಡೊ ದ್ರಾವಣ ಸಿಂಪಡಿಸಿದರೆ ಉಂಟು, ಮಚ್ಚೆ ಬಂದ ಮೇಲೆ ಸಿಂಪಡಿಸಿದರೆ ಅಷ್ಟಕ್ಕಷ್ಟೆ.

ಕಾಯಿಕೊರಕಕ್ಕೆ ಹೆಸರಘಟ್ಟದ ಸಂಸ್ಥೆಯ ಹಳೆಯ ಉಪಾಯ ಇವತ್ತಿಗೂ ಚಲಾವಣೆಯಲ್ಲಿದೆ. ಹೊಲದಲ್ಲಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ಗುಟ್ಟಿರುವುದು ವಯಸ್ಸಿನಲ್ಲಿ: ನೆಡುವಾಗ ಟೊಮೆಟೊ ಸಸಿಗೆ 25 ದಿನ, ಚೆಂಡುಹೂ ಸಸಿಗೆ 45 ದಿನ ಆಗಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಟ್ಟು ಪತಂಗ ಚೆಂಡುಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಮನೆಯಲ್ಲಿ ಆರು ಗಿಡಕ್ಕೆ ಎರಡು ಚೆಂಡುಹೂ ಇಟ್ಟು, ಅದರ ಮೊಗ್ಗಿನಲ್ಲಿರುವ ಹುಳುಗಳನ್ನು ಹೆಕ್ಕಿ. ಹೆಕ್ಕದಿದ್ದರೆ ಅದೇ ಹುಳುವಿನ ನರ್ಸರಿ ಆಗುತ್ತದೆ. ಎಲೆಯೊಳಗೆ ಅಗಲವಾದ ಬಿಳಿ ಪೊರೆಯಂಥ ಸುರಂಗ ಕಂಡರೆ 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಟ್ಯೂಟಾ ಹುಳು. ಆ ಎಲೆ ಕಿತ್ತು ಸುಟ್ಟುಬಿಡಿ, ಕಾಂಪೋಸ್ಟ್‌ಗೆ ಹಾಕಬೇಡಿ. ರಸ ಹೀರುವ ಪುಟ್ಟ ಕೀಟಗಳಿಗೆ ಶೇ. 5ರ ಬೇವಿನ ಬೀಜದ ಕಷಾಯ: 50 ಗ್ರಾಂ ಬೀಜ ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಒಂದು ಲೀಟರ್ ಮಾಡಿ, ಸಂಜೆ ಎಲೆಯ ಅಡಿಭಾಗಕ್ಕೆ. ಎಲೆ ಮುಟುರಿದ ಗಿಡ ಸಸಿಯ ಹಂತದ್ದಾಗಿದ್ದರೆ ಕನಿಕರ ಬೇಡ, ಕಿತ್ತುಬಿಡಿ. ಅದನ್ನು ಉಳಿಸಿಕೊಂಡಷ್ಟು ದಿನ ಉಳಿದ ಐದಕ್ಕೂ ಬಿಳಿ ನೊಣದ ಮೂಲಕ ಹಂಚುತ್ತಿರುತ್ತದೆ.

ಈಗ ಬೀಜದ ಮಾತು. ಬಹುತೇಕರು ಮಾಡುವುದೇನೆಂದರೆ, ಕೊನೆಗೆ ಉಳಿದ ಒಂದು ದೊಡ್ಡ ಹಣ್ಣನ್ನು ಬೀಜಕ್ಕೆ ಬಿಡುತ್ತಾರೆ. ಅದು ಯಾವ ಗಿಡದ್ದು, ಆ ಗಿಡ ಹೇಗಿತ್ತು ಎಂಬ ನೆನಪೇ ಇರುವುದಿಲ್ಲ. ಒಂದೇ ಗಿಡದ ದೊಡ್ಡ ಹಣ್ಣಿನ ಬೀಜಕ್ಕೂ ಚಿಕ್ಕ ಹಣ್ಣಿನ ಬೀಜಕ್ಕೂ ವಂಶಗುಣದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಗಿಡದಿಂದ ಗಿಡಕ್ಕೆ. ಹಾಗಾಗಿ ಬೀಜಕ್ಕೆಂದು ಮೊದಲು ಗಿಡ ಆರಿಸಬೇಕು, ಅದೂ ಹಂಗಾಮಿನ ಉದ್ದಕ್ಕೂ ನೋಡುತ್ತಾ.

ಪ್ರತಿ ಗಿಡಕ್ಕೂ ನಂಬರ್ ಚೀಟಿ ಕಟ್ಟಿ, ನಾಲ್ಕು ವಿಷಯ ಬರೆದಿಡಿ. ಮೊದಲ ಹೂವು ಯಾವತ್ತು ಅರಳಿತು. ಎರಡನೆಯಿಂದ ನಾಲ್ಕನೆಯ ಗೊಂಚಲುಗಳಲ್ಲಿ ಎಷ್ಟೆಷ್ಟು ಕಾಯಿ ನಿಂತವು. ಮೊದಲ ಗೊಂಚಲಿನ ಲೆಕ್ಕ ಬೇಡ, ಅದು ಹವೆಯ ಮೇಲೆ ಆಡುತ್ತದೆ. ಅಂಗಮಾರಿ, ಮುಟುರು ಯಾವಾಗ ಬಂತು ಅಥವಾ ಬರಲೇ ಇಲ್ಲವೇ. ಹಣ್ಣು ಬಿರಿಯಿತೇ, ರುಚಿ ಹೇಗಿತ್ತು. ಕುಂಡದ ಜಾಗವನ್ನೂ ಗಮನದಲ್ಲಿಡಿ. ಗೋಡೆಯ ನೆರಳಿಲ್ಲದ ಮೂಲೆಯಲ್ಲಿದ್ದ ಗಿಡ ಗೆದ್ದರೆ ಅದು ಜಾಗದ ಗೆಲುವೂ ಇರಬಹುದು. ಫೆಬ್ರವರಿಯಲ್ಲಿ ಚೀಟಿ ನೋಡಿದರೆ ಆರರಲ್ಲಿ ಒಂದೆರಡು ಗಿಡ ತಾವಾಗಿಯೇ ಎದ್ದು ನಿಲ್ಲುತ್ತವೆ. ಮೂಲ ತಳಿಗೆ ಹೋಲದ ಗಿಡವಿದ್ದರೆ ಅದನ್ನು ತಿನ್ನಿ, ಬೀಜಕ್ಕೆ ಬೇಡ. ಟೊಮೆಟೊ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆ, ಆದ್ದರಿಂದ ಒಂದೇ ಗಿಡದ ಬೀಜ ಇಟ್ಟುಕೊಂಡರೂ ಸಂತತಿ ಸೊರಗುವುದಿಲ್ಲ. ಮೆಕ್ಕೆಜೋಳದಲ್ಲಿ ಹೀಗೆ ಮಾಡಲಾಗದು.

ಬೆರಕೆಯ ಭಯ ಎಷ್ಟು? ಪ್ರಮಾಣಿತ ಬೀಜಕ್ಕೆ ನಮ್ಮ ದೇಶದ ನಿಯಮದಲ್ಲಿ ತಳಿಯಿಂದ ತಳಿಗೆ 25 ಮೀಟರ್, ಮೂಲ ಬೀಜಕ್ಕೆ 50 ಮೀಟರ್ ಅಂತರ ಕೇಳುತ್ತಾರೆ. ತಾರಸಿಯಲ್ಲಿ ಅಷ್ಟು ಜಾಗ ಯಾರಿಗಿದೆ? ಎರಡು ತಳಿ ಅಕ್ಕಪಕ್ಕ ಇದ್ದರೆ, ಬೀಜಕ್ಕೆ ಆರಿಸಿದ ಗಿಡದ ಎರಡನೆಯದೋ ಮೂರನೆಯದೋ ಗೊಂಚಲು ಅರಳುವ ಮೊದಲು ತೆಳು ಆರ್ಗಂಜಾ ಬಟ್ಟೆಯ ಚೀಲ ಕಟ್ಟಿ. ದಿನಕ್ಕೊಮ್ಮೆ ಚೀಲದ ಮೇಲಿಂದಲೇ ತಟ್ಟಿ. ಕಾಯಿ ಕಡಲೆ ಗಾತ್ರ ಆದ ಮೇಲೆ ಚೀಲ ತೆಗೆದು ಕೆಂಪು ದಾರ ಕಟ್ಟಿ. ದೊಡ್ಡ ಹಣ್ಣಿನ ವಿದೇಶಿ ತಳಿಗಳಲ್ಲಿ ಶಲಾಕೆಯ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ, ತುದಿ ಹೂವಿನಿಂದ ಹೊರಗೆ ಚಾಚಿರುವುದುಂಟು. ಅವು ಬೇಗ ಬೆರಕೆಯಾಗುತ್ತವೆ, ಚೀಲ ತಪ್ಪಿಸಬೇಡಿ.

ಬೀಜದ ಹಣ್ಣನ್ನು ಅಡುಗೆಗೆ ಬೇಕಾದ್ದಕ್ಕಿಂತ ನಾಲ್ಕೈದು ದಿನ ಹೆಚ್ಚು ಗಿಡದಲ್ಲೇ ಬಿಡಿ, ಮೆತ್ತಗಾಗಲಿ. ಅಡ್ಡ ಕೊಯ್ದು, ಲೋಳೆಸಮೇತ ಬೀಜವನ್ನು ಗಾಜಿನ ಲೋಟಕ್ಕೆ ಹಿಂಡಿ. ನೀರು ಬೆರೆಸಬೇಡಿ, ಹುದುಗು ನಿಧಾನವಾಗುತ್ತದೆ. ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ಸೆಕೆಯಲ್ಲಿ ಒಂದೂವರೆ ದಿನ, ಚಳಿಯಲ್ಲಿ ಮೂರು ದಿನ. ಮೇಲೆ ಬಿಳಿ ಪೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ, ಮನೆಯವರು ಮೂಗು ಮುಚ್ಚಿಕೊಂಡರೆ ಸರಿಯಾಗಿ ಆಗುತ್ತಿದೆ ಎಂದರ್ಥ. ಮೊಳಕೆ ತಡೆಯುವ ಲೋಳೆ ಕಳಚುವುದು, ಬೀಜದ ಮೇಲಿನ ಕೆಲವು ರೋಗಾಣುಗಳು ಸಾಯುವುದು ಈ ಹುದುಗಿನಲ್ಲೇ. ಹೆಚ್ಚು ದಿನ ಬಿಟ್ಟರೆ ಬೀಜ ಅಲ್ಲೇ ಮೊಳೆಯಲು ಶುರುವಾಗುತ್ತದೆ. ನೀರು ತುಂಬಿ ಕಲಕಿ. ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ನಾಲ್ಕೈದು ಸಲ ತೊಳೆದು ಸ್ಟೀಲ್ ತಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ ಐದಾರು ದಿನ ಒಣಗಿಸಿ, ದಿನಕ್ಕೆರಡು ಸಲ ಕೈಯಾಡಿಸಿ. ಕಾಗದದ ಮೇಲೆ ಹಾಕಿದರೆ ಅಂಟಿ ಕೂರುತ್ತದೆ.

ದುಂಡಾಣು ರೋಗದ ಅನುಮಾನವಿದ್ದರೆ 50 ಡಿಗ್ರಿ ಬಿಸಿನೀರಿನಲ್ಲಿ 25 ನಿಮಿಷ ಅದ್ದಿ ತಣ್ಣೀರಿಗೆ ಹಾಕುವ ಪದ್ಧತಿ ಇದೆ. ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಲು ಹೋಗಬೇಡಿ, ಎರಡು ಮೂರು ಡಿಗ್ರಿ ಹೆಚ್ಚಾದರೂ ಮೊಳಕೆಗೆ ಪೆಟ್ಟು.

ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಳಿ, ಗಿಡದ ನಂಬರ್, ವರ್ಷ ಬರೆದು ಗಾಜಿನ ಬಾಟಲಿಗೆ ಹಾಕಿ. ತೇವ ಹೀರಲು ತಳದಲ್ಲಿ ಹುರಿದು ಆರಿಸಿದ ಒಂದು ಹಿಡಿ ಅಕ್ಕಿ. ಮುಚ್ಚಳ ಬಿಗಿಯಾಗಿರಲಿ, ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಡಿ. ನಾಲ್ಕು ವರ್ಷ ಧಾರಾಳವಾಗಿ ಬಾಳುತ್ತದೆ. ಹೊರಗೆ ತೆಗೆದಾಗ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ತೆರೆದರೆ ಗಾಳಿಯ ತೇವ ತಣ್ಣನೆಯ ಬೀಜದ ಮೇಲೆ ಕೂರುತ್ತದೆ.

ಮುಂದಿನ ಆಗಸ್ಟ್ ಕೊನೆಯಲ್ಲಿ ಇಪ್ಪತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಎಂಟು ದಿನ ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಹದಿನಾರು ಮೊಳೆತರೆ ನೆಮ್ಮದಿಯಾಗಿ ಬಿತ್ತಿ. ಹತ್ತೇ ಮೊಳೆತರೆ ಬಿತ್ತುವ ಕಾಳನ್ನು ಇಮ್ಮಡಿ ಮಾಡಿ. ಐದಕ್ಕಿಂತ ಕಡಿಮೆಯಾದರೆ ಬಾಟಲಿಯಲ್ಲಿರುವುದನ್ನೆಲ್ಲ ಆ ವರ್ಷವೇ ಬಿತ್ತಿ, ಬಂದಷ್ಟು ಗಿಡಗಳಿಂದ ಹೊಸ ಬೀಜ ಮಾಡಿಕೊಳ್ಳಿ. ಬಟ್ಟೆಯಲ್ಲಿ ಮೊಳೆತವನ್ನು ಎಸೆಯಬೇಡಿ, ಬೇರು ಮುರಿಯದಂತೆ ಎತ್ತಿ ಲೋಟಕ್ಕೆ ನೆಡಬಹುದು.